ಒಂದಕ್ಕೆ ನಿಲ್ಲು, ಎರಡಕ್ಕೆ ಹೋಗು

"ಇಲ್ಲಿ ತಿರುಗಿಸುವಾಗ ಗೋಡೆಗೆ ಒಂದು ಗೀರಾದ್ರೂ ಬೀಳಲೇಬೇಕಿತ್ತು. ಬಿದ್ದಿಲ್ಲ ನೋಡು."

ಹಾಗೆಂದು ಕಂಡಕ್ಟರಮ್ಮ ಮೆಟ್ಟಿಲ ತಿರುವಿನ ಗೋಡೆಗೆ ಮೂಗು ತಾಗುವಷ್ಟು ಬಗ್ಗಿದಳು. ಹೋದ ವಾರವಷ್ಟೇ ಸುಣ್ಣ ಹೊಡೆದ ಗೋಡೆ. ಬೆಕ್ಕು ಮೈ ಉಜ್ಜಿದರೂ ಗುರುತು ಉಳಿಯುವಂಥದ್ದು. ನಾಲ್ಕು ಮೆಟ್ಟಿಲು ಕೆಳಗೆ, ಅಳತೆ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದ ಡ್ರೈವರಣ್ಣ ಹೂಂ ಅಂದ. ಬೆಳಿಗ್ಗೆಯಿಂದ ಅವನು ಆಡಿದ್ದೆಲ್ಲ ಅದೊಂದೇ ಮಾತು.

ಭಾನುವಾರ ಮಧ್ಯಾಹ್ನ ಈ ಹಳೇ ನಾಟಕಮಂದಿರದ ಮೂರನೇ ಮಹಡಿಯಿಂದ, ನಟರು ಬಣ್ಣ ಹಚ್ಚಿಕೊಳ್ಳುವ ಕೋಣೆಯಿಂದ, ಆಳೆತ್ತರದ ಕನ್ನಡಿ ಕಾಣೆಯಾಗಿತ್ತು. ಇವತ್ತು ಬುಧವಾರ. ಸಂಜೆ ಐದರೊಳಗೆ ಅದು ಸಿಗದಿದ್ದರೆ ವಾಚ್‌ಮನ್ ತನ್ನ ಮಗಳನ್ನೂ ಗಂಟುಮೂಟೆಯನ್ನೂ ಕಟ್ಟಿಕೊಂಡು ರಂಗದ ಹಿಂದಿನ ಒಂಟಿ ಕೋಣೆ ಖಾಲಿ ಮಾಡಬೇಕು, ಆಮೇಲೆ ಪೊಲೀಸರ ಹತ್ತಿರ ಮಾತಾಡಿಕೊಳ್ಳಬೇಕು ಎಂದು ಮಾಲೀಕ ಗಡುವು ಕೊಟ್ಟಿದ್ದ. ಈಗ ಮೂರೂಕಾಲು.

ಬೆಳಿಗ್ಗೆ ಆ ವಾಚ್‌ಮನ್ ಇವಳ ಮುಂದೆ ನಿಂತು ಕಣ್ಣೀರು ಹಾಕಿದ್ದ. ಬಣ್ಣದ ಕೋಣೆಗೆ ಇರುವುದು ಒಂದೇ ಬೀಗದಕೈ, ಅದು ಕೆಂಪು ಬಟ್ಟೆ ಕಟ್ಟಿದ ಗೊಂಚಲಿನಲ್ಲಿ ಸದಾ ತನ್ನ ಸೊಂಟದಲ್ಲೇ ಇರುತ್ತೆ, ಸ್ನಾನಕ್ಕೆ ಹೋದರೂ ಬಿಚ್ಚುವುದಿಲ್ಲ ಎಂದಿದ್ದ. ಮಗಳಿಗೆ ಮುಂದಿನ ವಾರ ಪರೀಕ್ಷೆ ಬೇರೆ. ಕಂಡಕ್ಟರಮ್ಮನ ಕರುಳು ಚುರ್ ಅಂದಿತ್ತು. ನಿನ್ನ ಕೋಣೆ ಎಲ್ಲೂ ಹೋಗಲ್ಲ ಕಣಪ್ಪಾ, ನಾನಿದೀನಿ ಅಂತ ಮಾತು ಕೊಟ್ಟುಬಿಟ್ಟಿದ್ದಳು. ಮಾತು ಕೊಡುವುದರಲ್ಲಿ ಅವಳು ಎಂದೂ ಹಿಂದೆ ಬಿದ್ದವಳಲ್ಲ.

ಕಂಡಕ್ಟರಮ್ಮ ಅಂದರೆ ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಕಿಕ್ಕಿರಿದ ಬಸ್ಸಿನಲ್ಲಿ ಟಿಕೆಟ್ ತಗೊಳ್ಳದೆ ನಿಂತವನನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದಳು. ಅದರ ಗುಟ್ಟು ಇಷ್ಟೇ. ಟಿಕೆಟ್ ಇಲ್ಲದವನು ಕಿಟಕಿಯಾಚೆ ಅಗತ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ನೋಡುತ್ತಾನೆ, ಹುಟ್ಟಿದಾಗಿನಿಂದ ಆ ಬೀದಿಯನ್ನೇ ಕಂಡಿಲ್ಲವೇನೋ ಅನ್ನುವ ಹಾಗೆ. ನಿವೃತ್ತಿಯಾದ ಮೇಲೂ ಆ ಕಣ್ಣು ಸುಮ್ಮನೆ ಕೂರಲಿಲ್ಲ. ಕಳೆದುಹೋದ ಸೈಕಲ್ಲಿನಿಂದ ಹಿಡಿದು ಓಡಿಹೋದ ಅಳಿಯನವರೆಗೆ ಜನ ಎಲ್ಲವನ್ನೂ ಅವಳ ಬಾಗಿಲಿಗೆ ತರತೊಡಗಿದರು. ಬೇಡ ಅನ್ನುವಷ್ಟು ಸಂಯಮ ಅವಳಿಗೂ ಇರಲಿಲ್ಲ.

ಆ ಬಸ್ಸಿನ ಸ್ಟಿಯರಿಂಗನ್ನು ಇಪ್ಪತ್ತೆರಡು ವರ್ಷ ಹಿಡಿದವನು ಡ್ರೈವರಣ್ಣ. ಬೇರೆ ಕಂಡಕ್ಟರುಗಳು ರೈಟ್, ಹೋಲ್ಡಾನ್ ಅಂತ ಗಂಟಲು ಹರಿದುಕೊಂಡರೆ ಇವಳು ಬಾಯಿ ಬಿಡುತ್ತಿರಲಿಲ್ಲ. ಟಿಕೆಟ್ ತೂತು ಮಾಡುವ ಮೆಷಿನ್ನಿನಿಂದ ಕಂಬಿಗೆ ಬಡಿಯುತ್ತಿದ್ದಳು. ಒಂದು ಬಡಿದರೆ ನಿಲ್ಲು. ಎರಡು ಬಡಿದರೆ ಹೋಗು. ಮಾರ್ಕೆಟ್ಟಿನ ಹಿಂದೆ ಒಂದು ಇಕ್ಕಟ್ಟಿನ ತಿರುವಿತ್ತು, ಅಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯಬೇಕಿತ್ತು. ಅದಕ್ಕೆಂದೇ ಅವಳು ಮೂರನೆಯದೊಂದನ್ನು ಕಂಡುಹಿಡಿದಿದ್ದಳು: ಒಂದು ಬಡಿದು, ಒಂದು ಉಸಿರು ಬಿಟ್ಟು, ಪಟಪಟನೆ ಎರಡು. ಜಾಗ ಇದೆ, ನಿಧಾನವಾಗಿ ಬಾ ಅಂತ. ಇಡೀ ಡಿಪೋದಲ್ಲಿ ಇನ್ಯಾರಿಗೂ ಅದು ಇರಲಿಲ್ಲ ಎಂಬುದು ಅವಳ ಹೆಮ್ಮೆ.

ಈಗ ಬಸ್ಸಿಲ್ಲ, ಡ್ರೈವರಣ್ಣನದೊಂದು ಹಳೇ ವ್ಯಾನಿದೆ. ಪಕ್ಕದ ಸೀಟಿನಲ್ಲಿ ಕೂರಿ ಅಂದರೆ ಅವಳು ಕೂರುವುದಿಲ್ಲ. ಕಂಡಕ್ಟರ್ ಅಂದಮೇಲೆ ಹಿಂದೆ ಇರಬೇಕು ಅಂತ ಹಟ. ಹಿಂದಿನ ಬೆಂಚಿನ ಮೇಲೆ ಕೂತು ತಗಡಿಗೆ ಬೆರಳ ಗೆಣ್ಣಿನಿಂದ ಬಡಿಯುತ್ತಾಳೆ, ವ್ಯಾನು ಹೊರಡುತ್ತೆ. ಸೋಮವಾರದಿಂದ ಅಲ್ಲೂ ಜಾಗ ಸಾಲದು. ಹತ್ತಿ ಹಿಂಜಿಸಬೇಕು ಅಂತ ಡ್ರೈವರಣ್ಣ ದೊಡ್ಡದೊಂದು ಹಾಸಿಗೆಯನ್ನು ಹಗ್ಗ ಬಿಗಿದು ಒರಗಿಸಿಟ್ಟಿದ್ದ. ಇವಳು ಅದಕ್ಕೇ ಬೆನ್ನು ಕೊಟ್ಟು ಕೂತು ಮೂರು ದಿನ ಓಡಾಡಿದ್ದಳು. ಒಳಗೆ ಹತ್ತಿ ಕಲ್ಲಾಗಿದೆ ಕಣಪ್ಪಾ, ಬೇಗ ಹಿಂಜಿಸು ಅಂತ ಬುದ್ಧಿಯನ್ನೂ ಹೇಳಿದ್ದಳು.

ಮನೆಯಲ್ಲೂ ಅದೇ ಕಾನೂನು. ನೀರಿನ ಟ್ಯಾಂಕು ತಾರಸಿಯ ಮೇಲೆ, ಮೋಟರಿನ ಸ್ವಿಚ್ಚು ಕೆಳಗೆ. ಅವಳು ಮೇಲಿಂದ ಪೈಪಿಗೆ ಬಡಿದರೆ ಯಜಮಾನರು ಕೆಳಗೆ ಕುಣಿಯಬೇಕು. ಒಂದಕ್ಕೆ ಮೋಟರು ನಿಲ್ಲಿಸಬೇಕು, ಎರಡಕ್ಕೆ ಹಾಕಬೇಕು, ಒಂದು-ಎರಡಕ್ಕೆ ವಾಲ್ವನ್ನು ನಿಧಾನಕ್ಕೆ ತಿರುಗಿಸಬೇಕು. ಯಜಮಾನರು ಅಂದರೆ ಅವಳ ಗಂಡ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಇರುವೆಗೂ ದಾರಿ ಬಿಟ್ಟು ನಿಲ್ಲುವ ಸಾಧು ಪ್ರಾಣಿ. ಭಾನುವಾರ ಇವಳು ತಂಗಿಯ ಮನೆಗೆ ಹೋಗಿದ್ದಾಗ ಬಕೆಟ್ ಎತ್ತಲು ಹೋಗಿ ಪಾಪ ಬೆನ್ನು ಹಿಡಿದುಕೊಂಡುಬಿಟ್ಟಿದೆ. ಇವತ್ತು ಬೆಳಿಗ್ಗೆ ಆ ಬೆನ್ನಿಗೆ ಮುಲಾಮು ತಿಕ್ಕುತ್ತ ಅವಳು ಕೇಸಿನ ವಿಷಯವನ್ನೆಲ್ಲ ಹೇಳಿದ್ದಳು. ಕದ್ದವರು ಇಬ್ಬರಂತಾ, ಅಂತ ಅವರು ದಿಂಬಿನೊಳಗಿಂದ ಕೇಳಿದ್ದರು. ಇಬ್ಬರೇ, ಇಬ್ಬರೂ ಸಿಗ್ತಾರೆ ಬಿಡಿ ಅಂತ ಇನ್ನಷ್ಟು ಒತ್ತಿ ತಿಕ್ಕಿದ್ದಳು.

"ಕನ್ನಡಿ ಎತ್ತಿಸಿದವನು ಯಾರಾದ್ರೂ ಆಗಿರಲಿ," ಅಂದಳು ಈಗ, ಟೇಪು ಸುತ್ತಿಕೊಳ್ಳುತ್ತ. "ನನಗೆ ಬೇಕಾಗಿರೋದು ಅವನ ಜೊತೆಗಾರ. ಕಳ್ಳರು ಬೇಕಾದಷ್ಟು ಸಿಗ್ತಾರಪ್ಪ, ಜೊತೆಗಾರ ಸಿಗಲ್ಲ."

ಆಮೇಲೆ ಮೆಟ್ಟಿಲ ಮೇಲೇ ಕೂತು ಪಾಠ ಶುರುಮಾಡಿದಳು. ಕೆಳಗಿನ ತುದಿ ಹಿಡಿದವನು ಹಿಂದುಹಿಂದಕ್ಕೆ ಇಳಿಯಬೇಕು. ಎದೆಗೆ ಕನ್ನಡಿ ಒತ್ತಿರುತ್ತೆ, ಕಾಲಿಗೆ ಮೆಟ್ಟಿಲು ಕಾಣುವುದಿಲ್ಲ. ಮೇಲಿನವನು ಬಾ ಅಂದರೆ ಬರಬೇಕು, ನಿಲ್ಲು ಅಂದರೆ ನಿಲ್ಲಬೇಕು. ಸರಿಯಾಗಿ ನೋಡಿದ್ದೀಯಾ, ಗ್ಯಾರಂಟಿನಾ ಅಂತ ಒಂದು ಸಲ ಕೇಳಿದರೆ ಮುಗಿಯಿತು, ಕನ್ನಡಿ ಗೋಡೆಗೆ. ಅಂಥವನಿಗೆ ಪ್ರಶ್ನೆ ಕೇಳುವ ಚಟ ಇರಬಾರದು. ಮನೆಗೆ ಹೋಗಿ ದಿನದಂತೆ ಉಂಡು ಮಲಗಬೇಕು, ಮಾರನೇ ದಿನ ಏನೂ ಆಗದವನ ಹಾಗೆ ಎಲ್ಲರ ಮುಂದೆ ಓಡಾಡಬೇಕು.

ಡ್ರೈವರಣ್ಣ ತಲೆಯಾಡಿಸುತ್ತ ಕೇಳಿಸಿಕೊಂಡ. ಕೊನೆಗೆ ಅವನಿಗೂ ಒಂದು ಹೊಳೆಯಿತು.

"ಬೆನ್ನು ಗಟ್ಟಿ ಇದೆಯಾ ಅಂತಲೂ ಮೊದಲೇ ಕೇಳ್ಕೋಬೇಕು ಅಕ್ಕಾ," ಅಂದ, ಯಾಕೋ ಸ್ವಲ್ಪ ನೊಂದ ದನಿಯಲ್ಲಿ. "ಅರ್ಧ ದಾರೀಲಿ ಅಯ್ಯೋ ಅಮ್ಮಾ ಅಂದ್ರೆ ಕಷ್ಟ."

ಒಳ್ಳೇ ಮಾತು ಅಂತ ಅವಳು ಅದನ್ನೂ ತನ್ನ ಕೇಸಿನ ಪುಸ್ತಕದಲ್ಲಿ ಬರೆದುಕೊಂಡಳು.

ಈ ಅಳತೆಗೋಲಿಗೆ ಮೂರು ದಿನದಿಂದ ಯಾರೂ ಹೊಂದಿರಲಿಲ್ಲ. ಸೆಟ್ಟು ಕಟ್ಟುವ ಬಡಗಿ ಅಣ್ಣತಮ್ಮಂದಿರ ಮೇಲೆ ಮೊದಲು ಅನುಮಾನ ಬಂದಿತ್ತು. ಒಂದು ಬೆಂಚು ಎತ್ತಿ ಆಚೆ ಇಡ್ರಪ್ಪಾ ಅಂತ ಸುಮ್ಮನೆ ಹೇಳಿ ನೋಡಿದಳು. ಬೆಂಚು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವರಿಬ್ಬರು ಅಪ್ಪನ ಮನೆಯ ಪಾಲಿನವರೆಗೆ ಹೋಗಿ ಬಂದರು, ಬೆಂಚು ಅಣ್ಣನ ಕಾಲ ಮೇಲೆ ಕೂತಿತು. ಇವರಲ್ಲ. ಪರದೆ ಎಳೆಯುವವನಿಗೆ ತೋಳಿನಲ್ಲಿ ಬಲವೇನೋ ಇತ್ತು. ಆದರೆ ಈಗ ಎತ್ತುತ್ತೀನಿ, ಈಗ ಎಡಗಾಲು ಇಡ್ತೀನಿ, ಈಗ ಉಸಿರು ತಗೋತೀನಿ ಅಂತ ತನ್ನ ಕೆಲಸಕ್ಕೆ ತಾನೇ ವರದಿ ಒಪ್ಪಿಸುವ ಮನುಷ್ಯ. ಅವನು ಕನ್ನಡಿ ಕದ್ದಿದ್ದರೆ ಪಕ್ಕದ ಬೀದಿಗೂ ಕೇಳಿಸಿರಬೇಕಿತ್ತು.

ಉಳಿದವಳು ಒಬ್ಬಳೇ, ಪ್ರಾಂಪ್ಟರಜ್ಜಿ. ಕಳ್ಳಿ ಅಂತಲ್ಲ, ಸಾಕ್ಷಿ ಅಂತ. ನಲವತ್ತು ವರ್ಷ ಪರದೆಯ ಮರೆಯಲ್ಲಿ ಕೂತು ನಟರು ಮರೆತ ಮಾತನ್ನು ಪಿಸುಗುಟ್ಟಿ ನೆನಪಿಸಿದವಳು. ಎರಡನೇ ಮಹಡಿಯಲ್ಲಿ ಮೆಟ್ಟಿಲಿಗೆ ಅಂಟಿಕೊಂಡೇ ಅವಳ ಕೋಣೆ. ಭಾನುವಾರ ಸಂಜೆಯೇ ಕಣ್ಣಿನ ಆಪರೇಷನ್ನಿಗೆ ಹೋದವಳು ಇವತ್ತು ಮಧ್ಯಾಹ್ನವಷ್ಟೇ ವಾಪಸು ಬಂದಿದ್ದಳು.

ಪಾಪ, ಈಗಷ್ಟೇ ಬಂದಿದ್ದಾರೆ, ನಾಳೆ ಕೇಳೋಣ ಅಂತ ಡ್ರೈವರಣ್ಣ ಅಡ್ಡ ನಿಂತ. ನಾಳೆಗೆ ವಾಚ್‌ಮನ್ ಬೀದೀಲಿರ್ತಾನೆ ಅಂತ ಕಂಡಕ್ಟರಮ್ಮ ಅವನನ್ನು ಸರಿಸಿ ಒಳಗೆ ನುಗ್ಗಿದಳು.

ಅಜ್ಜಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮರದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು.

"ಅಜ್ಜೀ, ಭಾನುವಾರ ಮಧ್ಯಾಹ್ನ ನಿಮಗೆ..."

"ಮೆಟ್ಟಿಲ ಮೇಲೆ ಏನಾದ್ರೂ ಕೇಳಿಸ್ತಾ," ಅಂತ ಅಜ್ಜಿ ಪಿಸುಗುಟ್ಟಿ ವಾಕ್ಯ ಮುಗಿಸಿಕೊಟ್ಟಳು. ಅದು ಅವಳ ಹುಟ್ಟುಗುಣವಲ್ಲ, ಕಸುಬಿನ ಗುಣ. ಎದುರಿನವರು ಅರೆಗಳಿಗೆ ತಡೆದರೂ ಮುಂದಿನ ಮಾತು ಒದಗಿಸಿಬಿಡುತ್ತಿದ್ದಳು. ಜೋರಾಗಿ ಮಾತಾಡುವುದನ್ನೇ ಅವಳು ಮರೆತಿದ್ದಳು.

ಕೇಳಿಸಿತ್ತಂತೆ. ಶುಕ್ರವಾರದಿಂದಲೇ ಕೇಳಿಸಿತ್ತಂತೆ. ಶುಕ್ರವಾರ ಮಾಲೀಕ ಮಾತಾಡುತ್ತ ಯಾರನ್ನೋ ಕರೆತಂದು ವಾಚ್‌ಮನ್ ಕೈಲಿ ಬೀಗ ತೆಗೆಸಿ ಬಣ್ಣದ ಕೋಣೆಗೆ ಹೋಗಿದ್ದ, ಒಳಗಿನಿಂದ ಸ್ಕ್ರೂ ತಿರುಗಿಸುವ ಕಿರ್ ಕಿರ್ ಸದ್ದು ಬಂತು, ಬಹಳ ಹೊತ್ತು. ಭಾನುವಾರದ್ದು ಬೇರೆ. ಭಾನುವಾರ ಇಬ್ಬರು ಭಾರ ಹೊತ್ತು ಮೇಲಿಂದ ಇಳಿದರು. ಅವರ ಮುಖ ನೋಡಲು ತನಗೆ ಕಣ್ಣು ಕಾಣುತ್ತಿರಲಿಲ್ಲ, ದನಿ ಹಿಡಿಯೋಣ ಅಂದರೆ ಅವರು ಮಾತೇ ಆಡಲಿಲ್ಲ.

"ಒಂದು ಪದವೂ ಇಲ್ವಾ?"

"ಇಲ್ಲ. ಕೆಲಸಕ್ಕೆ ಮಾತು ಬೇಕಾಗಿರಲಿಲ್ಲ. ಬಡೀತಿದ್ರು."

"ಏನು ಬಡೀತಿದ್ರು?"

ಬಾಗಿಲ ಹತ್ತಿರ ಡ್ರೈವರಣ್ಣನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅಜ್ಜಿ ಅವನ ಕೆಮ್ಮು ಮುಗಿಯುವವರೆಗೆ ತಾಳ್ಮೆಯಿಂದ ಕಾದಳು, ಯಾವುದೋ ನಟ ಅಳು ಮುಗಿಸಲಿ ಅಂತ ಕಾಯುವ ಹಾಗೆ. ಆಮೇಲೆ ಕುರ್ಚಿಯ ಕೈಗೆ ಬೆರಳಿನಿಂದ ಒಂದು ಸಲ ಬಡಿದಳು.

"ಹೀಗೆ ಒಂದು. ಕಾಲ ಸದ್ದು ನಿಲ್ತು. ಹೀಗೆ ಎರಡು. ಮತ್ತೆ ಹೊರಟಿತು. ನನ್ನ ಬಾಗಿಲ ಮುಂದೆ ತಿರುವು ಬಂತಲ್ಲ, ಅಲ್ಲಿ ಮಾತ್ರ ಬೇರೆ."

ಅಜ್ಜಿ ಒಂದು ಬಡಿದಳು. ಒಂದು ಉಸಿರು ಬಿಟ್ಟಳು. ಪಟಪಟನೆ ಎರಡು ಬಡಿದಳು.

"ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ತಾಲೀಮಾದ ಜೋಡಿ ನಾನು ಕಂಡಿಲ್ಲಮ್ಮ," ಅಂತ ಪಿಸುಗುಟ್ಟಿದಳು. "ಯಾರೋ ಚೆನ್ನಾಗಿ ಕಲಿಸಿದಾರೆ."

ಕಂಡಕ್ಟರಮ್ಮ ಪುಸ್ತಕ ಮುಚ್ಚಿ, ಪೆನ್ನನ್ನು ಚೀಲಕ್ಕೆ ಹಾಕಿ, ಬರ್ತೀನಜ್ಜಿ ಅಂತ ಹೇಗೋ ಹೇಳಿ ಎದ್ದಳು. ಬಾಗಿಲ ಹತ್ತಿರ ಡ್ರೈವರಣ್ಣ ಇರಲಿಲ್ಲ. ಅವನು ಆಗಲೇ ಮೆಟ್ಟಿಲಿಳಿದು ಹೋಗಿಬಿಟ್ಟಿದ್ದ.

ಹೊರಗೆ ಬಂದರೆ ಗೇಟಿನಲ್ಲಿ ವಾಚ್‌ಮನ್ನೂ ಕಾಣಲಿಲ್ಲ. ಪೆಟ್ಟಿಗೆ ಕಟ್ಟಲು ಹೋಗಿರಬೇಕು ಅಂದುಕೊಂಡಳು. ವ್ಯಾನಿನ ಹಿಂಬಾಗಿಲು ತೆಗೆದು ಬೆಂಚಿನ ಮೇಲೆ ಕೂತಳು. ಹಾಸಿಗೆಗೆ ಬೆನ್ನು ಕೊಟ್ಟಳು. ಡ್ರೈವರಣ್ಣ ಮುಂದೆ ಸ್ಟಿಯರಿಂಗ್ ಹಿಡಿದು ಕೂತಿದ್ದ.

ಅವನು ಎರಡು ಬಡಿತಕ್ಕೆ ಕಾದ. ಅವಳು ಬಡಿಯಲಿಲ್ಲ.

ಡ್ರೈವರಣ್ಣ ಪಕ್ಕದ ಕಿಟಕಿಯಿಂದ ಆಚೆ ನೋಡತೊಡಗಿದ. ಎದುರುಗಡೆ ಇದ್ದದ್ದು ಮುಚ್ಚಿದ ಹೇರ್ ಕಟಿಂಗ್ ಅಂಗಡಿ, ಅದರ ಮುಂದೆ ಒಂದು ಮಲಗಿದ ನಾಯಿ. ಆ ಎರಡನ್ನೂ ಅವನು ಜನ್ಮದಲ್ಲಿ ಕಂಡಿಲ್ಲದವನ ಹಾಗೆ ನೋಡಿದ.

"ಟಿಕೆಟ್ ತಗೊಂಡಿದೀಯೇನಪ್ಪಾ?" ಅಂದಳು ಕಂಡಕ್ಟರಮ್ಮ.

ಡ್ರೈವರಣ್ಣನ ಹೆಗಲು ಕುಸಿಯಿತು. ಇಂಜಿನ್ ಚಾಲೂ ಇರಲೇ ಇಲ್ಲ, ಆದರೂ ಕೈ ಚಾಚಿ ಕೀ ತಿರುಗಿಸಿ ಆಫ್ ಮಾಡಿದ.

"ನಾನು ಹಿಂದಕ್ಕೆ ಇಳೀಬೇಕಿತ್ತು ಅಕ್ಕಾ. ಏನೂ ಕಾಣ್ತಿರಲಿಲ್ಲ. ಎಡಕ್ಕೆ, ಬಲಕ್ಕೆ ಅಂತ ಬಾಯಲ್ಲಿ ಹೇಳಿದ್ರೆ ನನಗೆ ತಲೆಗೆ ಹೋಗಲ್ಲ, ನಿಮಗೇ ಗೊತ್ತು. ಬಡೀರಿ ಅಂದೆ."

"ಯಾರಿಗೆ ಅಂದೆ?"

ಡ್ರೈವರಣ್ಣ ಸ್ಟಿಯರಿಂಗಿನ ಧೂಳು ಒರೆಸತೊಡಗಿದ.

"ಆ ಒಂದು-ಎರಡನ್ನ ಯಾರಿಗೆ ಕಲಿಸಿದೆ ನೀನು? ನಮ್ಮಿಬ್ಬರನ್ನ ಬಿಟ್ರೆ ಲೋಕದಲ್ಲಿ ಇನ್ಯಾರಿಗೂ ಗೊತ್ತಿಲ್ಲ ಅದು."

ಡ್ರೈವರಣ್ಣ ತನ್ನ ತಲೆಯ ಮೇಲಿನ ಪುಟ್ಟ ವ್ಯಾನು ಕನ್ನಡಿಯಲ್ಲಿ ಅವಳನ್ನೇ ನೋಡಿದ. ಆ ನೋಟದಲ್ಲಿ ಮರುಕವಿತ್ತು. ಅದು ಯಾಕೆ ಅಂತ ಅವಳಿಗೆ ಹೊಳೆಯಲಿಲ್ಲ, ಪಿತ್ತ ನೆತ್ತಿಗೇರಿದ್ದು ಮಾತ್ರ ತಿಳಿಯಿತು. ಮೂರು ದಿನ ಇವನ ಮುಂದೆಯೇ ಕೂತು ಜೊತೆಗಾರ ಹೀಗಿರಬೇಕು, ಹಾಗಿರಬೇಕು ಅಂತ ಉಪನ್ಯಾಸ ಕೊಟ್ಟಿದ್ದಳಲ್ಲ. ಒಂದೊಂದು ಗುಣ ಹೇಳಿದಾಗಲೂ ಇವನು ಒಳಗೊಳಗೇ ಹೌದೌದು, ನಾನೇ ಅಂದುಕೊಂಡಿರಬೇಕು.

"ಯಾಕೆ ಕದ್ರಿ, ಅದನ್ನಾದ್ರೂ ಹೇಳು."

"ಕದ್ದಿಲ್ಲ, ಇಳಿಸಿದ್ವಿ ಅಷ್ಟೇ. ಯಾಕೆ ಅಂತ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಕೇಳಲಿಲ್ಲ." ಡ್ರೈವರಣ್ಣ ಮೊದಲ ಸಲ ಹಿಂದಕ್ಕೆ ತಿರುಗಿದ. "ಇಪ್ಪತ್ತೆರಡು ವರ್ಷ ನೀವು ಎರಡು ಬಡಿದಾಗ ನಾನು ಯಾವತ್ತಾದ್ರೂ ಯಾಕೆ ಅಂತ ಕೇಳಿದೀನಾ? ನಿಮ್ಮ ಯಜಮಾನ್ರು ಒಂದು ಕಾಲು ಬಸ್ಸಿಗಿಟ್ಟು ಇನ್ನೊಂದು ರೋಡಿನಲ್ಲಿಟ್ಟಿದ್ದಾಗ ಬಡಿದ್ರಿ ಒಂದಿನ. ಹೊರಟೆ. ಕೇಳಿದ್ನಾ?"

ಅವತ್ತು ಗಂಡಹೆಂಡಿರಿಗೆ ಜಗಳವಾಗಿತ್ತು, ನಿಜ. ಯಜಮಾನರು ಒಂದು ಚಪ್ಪಲಿಯಲ್ಲಿ ಮನೆಗೆ ನಡೆದು ಬಂದಿದ್ದರು. ಕಂಡಕ್ಟರಮ್ಮ ಹುಡುಕುತ್ತಿದ್ದ ಆಸಾಮಿಯನ್ನು ದಿನಕ್ಕೆ ಹತ್ತು ಟ್ರಿಪ್ಪಿನಂತೆ ಇಪ್ಪತ್ತೆರಡು ವರ್ಷ ತಿದ್ದಿ ತೀಡಿ ತಯಾರು ಮಾಡಿದವಳು ಅವಳೇ.

"ಕನ್ನಡಿ ಎಲ್ಲಿದೆ?" ಅಂದಳು.

"ನೀವು ಒರಗಿಕೊಂಡಿದೀರಲ್ಲ."

ಬೆಂಚಿನ ಮೇಲೆ ಹಾವು ಕಂಡವಳ ಹಾಗೆ ಅವಳು ಎದ್ದ ರಭಸಕ್ಕೆ ತಲೆ ವ್ಯಾನಿನ ಮಾಡಿಗೆ ಬಡಿಯಿತು. ಹಗ್ಗ ಸಡಿಲಿಸಿ ಹಾಸಿಗೆಯ ಮಡಿಕೆ ಸರಿಸಿದಳು. ಒಳಗಿಂದ ಅವಳದೇ ಕೆಂಪಾದ ಮುಖ, ಕೆದರಿದ ತಲೆ, ಅವಳನ್ನೇ ನೋಡಿತು. ಮೂರು ದಿನ ಜಾಲಾಡಿ ಹುಡುಕಿದ ಕನ್ನಡಿ ಇವಳ ಬೆನ್ನಿಗೇ ಅಂಟಿಕೊಂಡು ಊರೆಲ್ಲ ಸುತ್ತಿತ್ತು.

ಗಡಿಯಾರ ನೋಡಿದಳು. ನಾಲ್ಕೂ ಇಪ್ಪತ್ತು. ಮಾಲೀಕನ ಮುಂದೆ ನಿಂತು ನಿಜ ಹೇಳಿದರೆ ಡ್ರೈವರಣ್ಣ ಇಂದು ರಾತ್ರಿ ಲಾಕಪ್ಪಿನಲ್ಲಿರುತ್ತಾನೆ. ಜೊತೆಗಾರನ ಹೆಸರನ್ನಂತೂ ಅವನು ಸತ್ತರೂ ಹೇಳುವುದಿಲ್ಲ, ಅದು ಅವಳಿಗೆ ಗೊತ್ತು. ಹೇಳದೆ ಬಾಯಿಗೆ ಬೀಗ ಹಾಕಿಕೊಂಡರೆ ವಾಚ್‌ಮನ್‌ನ ಮಗಳು ಪುಸ್ತಕದ ಚೀಲ ಹಿಡಿದು ಬೀದಿಯಲ್ಲಿ ನಿಲ್ಲುತ್ತಾಳೆ. ಒಬ್ಬನಿಗೆ ಮಾತು ಕೊಟ್ಟಿದ್ದಾಳೆ. ಇನ್ನೊಬ್ಬನಿಗೆ ಮಾತು ಕೊಡುವ ಅಗತ್ಯವೇ ಇಪ್ಪತ್ತೆರಡು ವರ್ಷದಲ್ಲಿ ಬಂದಿರಲಿಲ್ಲ.

ಮೂರನೆಯ ದಾರಿಯೊಂದಿತ್ತು. ಕನ್ನಡಿಯನ್ನು ಐದರೊಳಗೆ ಮೇಲಕ್ಕೆ ಸಾಗಿಸಿ, ಬೀಗ ಹಾಕಿದ ಬಣ್ಣದ ಕೋಣೆಯ ಬಾಗಿಲ ಮುಂದೆ ಒರಗಿಸಿ ಬಂದುಬಿಟ್ಟರೆ ಆಯಿತು. ಹೇಗೆ ಬಂತು ಅಂತ ಮಾಲೀಕ ಬೇಕಾದರೆ ತಲೆ ಕೆರೆದುಕೊಳ್ಳಲಿ. ಸಿಕ್ಕಿದ ಮೇಲೆ ವಾಚ್‌ಮನ್‌ನನ್ನು ಯಾವ ಬಾಯಲ್ಲಿ ಓಡಿಸುತ್ತಾನೆ?

ಅವಳು ಯೋಚಿಸಿದ್ದನ್ನು ಡ್ರೈವರಣ್ಣನೂ ಅಷ್ಟು ಹೊತ್ತಿಗೆ ಯೋಚಿಸಿ ಮುಗಿಸಿದ್ದ.

"ಮೇಲೆ ಹತ್ತಿಸೋಕೂ ಇಬ್ಬರು ಬೇಕು ಅಕ್ಕಾ," ಅಂದ, ನಾಯಿಯನ್ನು ನೋಡುತ್ತ.

ಮೂವತ್ತೊಂದು ವರ್ಷ ಒಬ್ಬನನ್ನೂ ಟಿಕೆಟ್ ಇಲ್ಲದೆ ಇಳಿಯಲು ಬಿಡದವಳು ಕಂಡಕ್ಟರಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಕೆಳಗಡೆ ನೀನು ಹಿಡಿ," ಅಂದಳು.

ಸೆಟ್ಟು ಸಾಗಿಸುವ ಹಿಂಬಾಗಿಲಿನಿಂದ ಒಳಗೆ ಹೋದರು. ಎತ್ತುವಾಗ ಅವಳ ಕಣ್ಣಿಗೆ ಕನ್ನಡಿಯ ಹಿಂಬದಿ ಬಿತ್ತು. ಹಳೇ ಕಪ್ಪು ಹಲಗೆ, ಆದರೆ ಮೂಲೆಗೊಂದರಂತೆ ನಾಲ್ಕು ಸ್ಕ್ರೂ ಮಿರಮಿರ ಮಿಂಚುತ್ತಿದ್ದವು. ಇದು ನಿಮ್ಮ ಕೆಲಸವಾ ಅಂದರೆ ಡ್ರೈವರಣ್ಣ ಅಲ್ಲ ಅಂತ ತಲೆಯಾಡಿಸಿದ. ಶುಕ್ರವಾರದ ಕಿರ್ ಕಿರ್ ಸದ್ದು ಆಗ ಅವಳಿಗೆ ನೆನಪಾಯಿತು, ಈ ಹಲಗೆಯ ಹಿಂದೆ ಮಾಲೀಕ ಏನೋ ಮುಚ್ಚಿಟ್ಟಿದ್ದಾನೆ ಅಂತ ಅನುಮಾನವೂ ಬಂತು. ಆದರೆ ಕೈಯಲ್ಲಿ ಕನ್ನಡಿ ಇದ್ದಾಗ ಪುಸ್ತಕ ತೆಗೆಯಲು ಬರುವುದಿಲ್ಲ.

ಅವಳು ಮೇಲಿನ ತುದಿ ಹಿಡಿದು ಹಿಂದುಹಿಂದಕ್ಕೆ ಹತ್ತಬೇಕು, ಅವನು ಕೆಳಗಿನಿಂದ ತಳ್ಳಿಕೊಂಡು ಬರಬೇಕು. ಕನ್ನಡಿಯ ಮುಖ ಅವಳ ಕಡೆಗಿತ್ತು. ಹೀಗಾಗಿ ಅವಳ ಬೆನ್ನ ಹಿಂದಿನ ಮೆಟ್ಟಿಲುಗಳು ಅವಳಿಗೇ ಕಾಣುತ್ತಿದ್ದವು, ಬಸ್ಸಿನಲ್ಲಿ ಡ್ರೈವರಣ್ಣನಿಗೆ ಕಾಣುತ್ತಿದ್ದ ಹಾಗೆ. ಚೌಕಟ್ಟಿನ ಮರಕ್ಕೆ ಗೆಣ್ಣಿನಿಂದ ಎರಡು ಬಡಿದಳು. ಹೊರಟರು. ಒಂದು ಬಡಿದಳು. ನಿಂತರು. ಒಬ್ಬರ ಉಸಿರು ಇನ್ನೊಬ್ಬರಿಗೆ ಸರಿಯಾಗಿ ಬೀಳುತ್ತಿತ್ತು. ಇಷ್ಟು ಕೆಟ್ಟ ಕೆಲಸ ಇಷ್ಟು ಚೆನ್ನಾಗಿ ಆಗುತ್ತಿದೆಯಲ್ಲ ಅಂತ ಅವಳಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾಗಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು.

ಎರಡನೇ ಮಹಡಿಯ ತಿರುವಿಗೆ ಬಂದಾಗ ಒಂದು ಗಳಿಗೆ ಅವಳಿಗೆ ಏನು ಬಡಿಯಬೇಕೆಂದೇ ಮರೆಯಿತು. ಮುಚ್ಚಿದ ಬಾಗಿಲಿನ ಒಳಗಿಂದ ಪಿಸುದನಿಯೊಂದು ಬಂತು.

"ತಿರುವು ಬಂತಮ್ಮ. ಒಂದು ಬಡಿದು ಉಸಿರು ಬಿಡಬೇಕು. ಆಮೇಲೆ ಎರಡು."

ಕಂಡಕ್ಟರಮ್ಮ ಹಲ್ಲು ಕಚ್ಚಿ ಅಜ್ಜಿ ಹೇಳಿದಂತೆಯೇ ಬಡಿದಳು. ಕನ್ನಡಿ ಸುಣ್ಣದ ಗೋಡೆಗೆ ಒಂದಂಗುಲ ದೂರದಲ್ಲಿ ಸುತ್ತಿ ಬಂತು.

ಮೂರನೇ ಮಹಡಿಗೆ ಇನ್ನು ಏಳು ಮೆಟ್ಟಿಲು. ಅಷ್ಟರಲ್ಲಿ ಕೆಳಗೆ ಮುಂಬಾಗಿಲು ಧಡಾರನೆ ತೆರೆಯಿತು. ಮಾಲೀಕನ ದನಿ ಕೇಳಿಸಿತು. ಐದಕ್ಕೆ ಬರಬೇಕಾದವನು ನಾಲ್ಕೂವರೆಗೇ ಬಂದಿದ್ದ. ಅವನ ಜೊತೆ ಇನ್ನೊಬ್ಬರ ಕಾಲ ಸದ್ದೂ ಇತ್ತು, ಭಾರವಾದ ಬೂಟಿನದು. ಇಬ್ಬರೂ ಮೆಟ್ಟಿಲ ಕಡೆಗೇ ಬರುತ್ತಿದ್ದರು.

ಅವಳು ಒಂದು ಬಡಿದಳು. ಕನ್ನಡಿ ನಿಂತಿತು. ಕೆಳಗಿಳಿಯುವ ಹಾಗಿಲ್ಲ, ಮೇಲೆ ಬಾಗಿಲಿಗೆ ಬೀಗ. ಕನ್ನಡಿ ಕದ್ದವರು ಯಾರು ಅಂತ ಇನ್ನು ಎರಡು ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗಲಿತ್ತು, ಸಾಕ್ಷಿ ಸಮೇತ.

ಆಗ ಮೇಲಿಂದ ಯಾರೋ ಬಡಿದರು.

ಒಂದು. ಒಂದು ಉಸಿರು ಬಿಟ್ಟು, ಪಟಪಟನೆ ಎರಡು.

ಅವಳ ಕೈ ಚೌಕಟ್ಟಿನ ಮೇಲೇ ಇತ್ತು, ಅವಳು ಬಡಿದಿರಲಿಲ್ಲ. ಡ್ರೈವರಣ್ಣನ ಎರಡೂ ಕೈ ಕೆಳಗಿದ್ದವು. ಆದರೂ ಅಭ್ಯಾಸ ಬಲ, ಬಡಿತ ಕೇಳಿದ್ದೇ ಅವನು ಒಂದು ಮೆಟ್ಟಿಲು ಮೇಲಕ್ಕೆ ತಳ್ಳಿದ. ಅದರ ಹಿಂದೆಯೇ ಅವಳ ಮೂಗಿಗೆ ಒಂದು ವಾಸನೆ ಬಡಿಯಿತು. ನೋವಿನ ಮುಲಾಮು. ಇವತ್ತು ಬೆಳಿಗ್ಗೆ ಅವಳ ಕೈಗೇ ಮೆತ್ತಿದ್ದ ವಾಸನೆ.

ಹಿಂದೆ ತಿರುಗಬೇಕಾಗಿರಲಿಲ್ಲ, ಕನ್ನಡಿ ಎದುರಿಗೇ ಇತ್ತು. ಅದರಲ್ಲಿ ಬಣ್ಣದ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಹೊಸ್ತಿಲ ಮೇಲೆ ಅವಳ ಯಜಮಾನರು, ಒಂದು ಕೈ ಸೊಂಟದ ಮೇಲಿಟ್ಟು, ಬೆನ್ನು ಸ್ವಲ್ಪ ಬಗ್ಗಿಸಿ ನಿಂತಿದ್ದರು. ಇನ್ನೊಂದು ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಬೀಗದಕೈ ಗೊಂಚಲು. ಸ್ನಾನಕ್ಕೆ ಹೋದರೂ ಸೊಂಟ ಬಿಟ್ಟು ಕದಲುವುದಿಲ್ಲ ಅಂತ ವಾಚ್‌ಮನ್ ಅತ್ತುಕೊಂಡು ಹೇಳಿದ ಅದೇ ಗೊಂಚಲು.

ಆ ವಾಚ್‌ಮನ್ ಅವರ ಹಿಂದೆ, ಕೋಣೆಯ ಒಳಗೆ, ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. ಅವನ ಕಣ್ಣಿನಲ್ಲಿ ಈಗ ನೀರಿರಲಿಲ್ಲ.

ಕೆಳಗೆ ಬೂಟುಗಳು ಮೊದಲನೇ ಮಹಡಿ ದಾಟಿದವು.

"ಯಾಕೆ ಅಂತ ಈಗ ಕೇಳಬೇಡ ಕಣೇ," ಅಂದರು ಯಜಮಾನರು, ಕನ್ನಡಿಯೊಳಗಿಂದ ಅವಳ ಕಣ್ಣನ್ನೇ ನೋಡುತ್ತ. "ಬೇಗ ಒಳಗೆ ಬಾ."

ನಲವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಅವಳಿಗೆ ಏನನ್ನೂ ಬೇಡ ಅಂದವರಲ್ಲ. ಅವಳ ನಾಲಿಗೆಯ ತುದಿಗೆ ಹತ್ತು ಪ್ರಶ್ನೆ ಬಂದು ನಿಂತವು. ಕನ್ನಡಿಯ ಆಚೆ, ಏನೂ ಕಾಣದೆ, ಏನೂ ಕೇಳದೆ, ಡ್ರೈವರಣ್ಣ ಅವಳ ಕೈಯ ಸದ್ದಿಗಾಗಿ ಕಾದಿದ್ದ.

ಕಂಡಕ್ಟರಮ್ಮ ಎರಡು ಬಡಿದಳು.